ಪಹಣಿಯೂ ಗೇಯ್ಮೆಯೂ

ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಹೆಚ್ಚು ದೂರವಲ್ಲದ ಒಂದು ಮನೆಯ ಜಗುಲಿಯ ಮೇಲೆ ಈ ಮಾತುಕತೆ ನಡೆಯಿತು. ಆಡಿದವರಲ್ಲಿ ಒಬ್ಬರು ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು, ಊರಿನವರಿಗೆಲ್ಲ ರಾಯರು. ಮತ್ತೊಬ್ಬರು ಬೇಸಾಯಗಾರರು, ಗೌಡರು. ಚನ್ನರಾಯಪಟ್ಟಣದ ಬಾಗೂರು ಹೋಬಳಿಯಲ್ಲಿ ತೆಂಗಿನ ತೋಟವನ್ನೂ ಈ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಿ ಮಳೆಯನ್ನೇ ನಂಬಿದ ಎರಡೆಕರೆ ಹೊಲವನ್ನೂ ಉಳ್ಳವರು, ತಂಗಿಯನ್ನು ಅರಕಲಗೂಡಿನ ಕಡೆಗೆ ಕೊಟ್ಟವರು, ಪ್ರಾಯದಲ್ಲಿ ಆಲೂಗೆಡ್ಡೆ ಹಾಕಿ ಹಾಸನದ ಮಾರುಕಟ್ಟೆಯ ಲಾಭನಷ್ಟಗಳೆರಡನ್ನೂ ಉಂಡವರು. ಆದಕಾರಣ ನಾಲ್ಕು ತಾಲ್ಲೂಕುಗಳ ಸಮಾಚಾರವೂ ಅವರ ಬಾಯಲ್ಲಿ ತಾನಾಗಿ ಬರುತ್ತಿತ್ತು. ಇಬ್ಬರೂ ಆಡಿದ್ದು ನಮ್ಮ ಸೀಮೆಯ ಆಡುಮಾತಿನಲ್ಲಿ. ಅದನ್ನು ಗ್ರಂಥದ ಸರಣಿಗೆ ತಂದ ಹೊಣೆ ಮಾತ್ರ ನನ್ನದು.

ರಾಯರು: ಕಿಸಾನ್ ಸಮ್ಮಾನದ ಕಂತು ಬಂದಿತೆಂದು ಕೇಳಿದೆ, ಗೌಡರೇ. ಮುಖದಲ್ಲಿ ಸಂತೋಷ ಕಾಣದಲ್ಲ!

ಗೌಡರು: ಬಂದಿತು, ಸ್ವಾಮಿ. ಎರಡು ಸಾವಿರ. ಮೊಬೈಲು ಕಿಣಿ ಎಂದಿತು, ನೋಡಿದೆ, ಜೇಬಿಗೆ ಹಾಕಿದೆ. ಅದಕ್ಕಿಂತ ಹೆಚ್ಚಿನ ಸಂತೋಷವನ್ನು ಎಲ್ಲಿಂದ ತರಲಿ?

ರಾಯರು: ನಿಮಗೆ ಅದರ ಬೆಲೆ ಗೊತ್ತಿಲ್ಲ. ನನ್ನ ತಂದೆಯವರ ಕಾಲದಲ್ಲಿ ತಕಾವಿ ಸಾಲವೆಂಬುದೊಂದಿತ್ತು. ಮಳೆ ಹೋದ ವರ್ಷ ಬೀಜಕ್ಕೋ ಎತ್ತಿಗೋ ಬಾವಿ ತೋಡುವುದಕ್ಕೋ ಸರ್ಕಾರದಿಂದ ಹಣ ಬೇಕಾದರೆ, ರೈತನಾದವನು ಮೊದಲು ಶಾನುಭೋಗರ ಮನೆಯ ಮುಂದೆ ನಿಂತು, ಅನಂತರ ಪಟೇಲರ ಶಿಫಾರಸು ಹೊತ್ತು, ಜಾಮೀನಿಗೊಬ್ಬನನ್ನು ಹಿಡಿದು, ಅಮಲ್ದಾರರ ಕಚೇರಿಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಕೊನೆಗೆ ಮಂಜೂರಾದ ಮೊತ್ತದಲ್ಲಿ ದಾರಿಯುದ್ದಕ್ಕೂ ಕೈ ಒಡ್ಡಿದವರ ಪಾಲನ್ನು ಕಳೆದು ಉಳಿದುದನ್ನು ಊರಿಗೆ ಒಯ್ಯುವ ವೇಳೆಗೆ ಬಿತ್ತನೆಯ ಮಳೆಯೇ ಕಳೆದುಹೋಗಿರುತ್ತಿತ್ತು. ಅದೂ ಸಾಲ, ಹಿಂದಿರುಗಿಸಬೇಕಾದದ್ದು. ಈಗ ದೆಹಲಿಯಲ್ಲಿ ಒಂದು ಗುಂಡಿ ಒತ್ತಿದರೆ ಹಳೇಕೋಟೆಯ ಖಾತೆಗೆ ಬಂದು ಬೀಳುತ್ತದೆ. ನಡುವೆ ಒಬ್ಬನ ಕೈಯೂ ಇಲ್ಲ. ರಾಜ್ಯಶಾಸನದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯೆ?

ಗೌಡರು: ಸಣ್ಣದೆಂದು ನಾನೆಲ್ಲಿ ಹೇಳಿದೆ? ಕೈ ಒಡ್ಡುವವರು ಇಲ್ಲವಾದದ್ದು ದೊಡ್ಡ ಪುಣ್ಯ. ಆದರೆ ಲೆಕ್ಕವನ್ನೂ ಸ್ವಲ್ಪ ನೋಡಬೇಕು. 2019ರ ಫೆಬ್ರವರಿಯಲ್ಲಿ ಈ ಯೋಜನೆಯನ್ನು ಆರಂಭಿಸಿದಾಗ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು ಎಂದರು. ಆ ಹಂಗಾಮಿನಲ್ಲಿ ರಾಗಿಗೆ ಸರ್ಕಾರವೇ ಕಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 2,897. ಅಂದರೆ ಸರ್ಕಾರ ಕೊಟ್ಟ ಹಣಕ್ಕೆ ಸರ್ಕಾರದ ಬೆಲೆಯಲ್ಲೇ ಎರಡು ಕ್ವಿಂಟಲು ರಾಗಿ ಬರುತ್ತಿತ್ತು. 2025-26ಕ್ಕೆ ರಾಗಿಯ ಬೆಂಬಲ ಬೆಲೆ 4,886 ಆಗಿದೆ. ನನ್ನ 6,000 ಮಾತ್ರ 6,000ವಾಗಿಯೇ ಕುಳಿತಿದೆ. ಈಗ ಒಂದೂಕಾಲು ಕ್ವಿಂಟಲೂ ತುಂಬದು. ರಾಗಿಯ ಖರ್ಚು ಏರಿತೆಂದು ಒಪ್ಪಿಕೊಂಡ ಸರ್ಕಾರವೇ ರೈತನ ಖರ್ಚು ಏರಿಲ್ಲವೆಂದು ತಿಳಿದಂತಾಯಿತು. ನಡುವೆ ನಮ್ಮ ರಾಜ್ಯದವರು ಎರಡು ಕಂತಿನಲ್ಲಿ ಇನ್ನೂ 4,000 ಸೇರಿಸುತ್ತಿದ್ದರು. 2023ರಲ್ಲಿ ಸರ್ಕಾರ ಬದಲಾಯಿತು, ಅದೂ ನಿಂತಿತು.

ರಾಯರು: ಮೊತ್ತದ ಮಾತು ಬೇರೆ, ಕ್ರಮದ ಮಾತು ಬೇರೆ. ಕ್ರಮ ನೆಟ್ಟಗಿದ್ದರೆ ಮೊತ್ತವನ್ನು ಎಂದಾದರೂ ಏರಿಸಬಹುದು. ಈ ಕ್ರಮ ನಿಂತಿರುವುದು ಪಹಣಿಯ ಮೇಲೆ. ಕೈಬರಹದ ಪಹಣಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, 2000ದ ಆಸುಪಾಸಿನಲ್ಲಿ ‘ಭೂಮಿ’ ಎಂಬ ಹೆಸರಿನಿಂದ ಕಂಪ್ಯೂಟರಿಗೆ ಏರಿಸಿದಾಗ ನಾನು ಕಚೇರಿಯಲ್ಲಿದ್ದೆ. ಹಿಂದೆ ಒಂದು ಹೆಸರನ್ನು ಕೆರೆದು ಇನ್ನೊಂದನ್ನು ಬರೆಯುವುದಕ್ಕೆ ಒಂದು ಬ್ಲೇಡು, ಒಂದು ಮಸಿಕುಡಿಕೆ, ಒಂದು ರಾತ್ರಿ ಇದ್ದರೆ ಸಾಕಾಗುತ್ತಿತ್ತು. ಈಗ ಪ್ರತಿಯೊಂದು ಬದಲಾವಣೆಗೂ ಬೆರಳಚ್ಚಿನ ಸಾಕ್ಷಿಯುಂಟು. ಆ ಪಹಣಿಗೆ ಆಧಾರನ್ನು ಜೋಡಿಸಿ ರೈತನಿಗೊಂದು ಎಫ್‌ಐಡಿ ಸಂಖ್ಯೆ ಕೊಟ್ಟು, ಕೃಷಿ, ತೋಟಗಾರಿಕೆ, ಆಹಾರ, ಕಂದಾಯ ಈ ಎಲ್ಲ ಇಲಾಖೆಗಳೂ ಅದೊಂದನ್ನೇ ನೋಡಿ ಹಣ ಹಾಕುವಂತೆ ಮಾಡಿದ್ದು ಇತ್ತೀಚಿನದು. ಸರ್ಕಾರಕ್ಕೆ ಕಣ್ಣಿಲ್ಲ, ಗೌಡರೇ. ಯಾರು ರೈತ ಯಾರು ಅಲ್ಲವೆಂದು ಅದಕ್ಕೆ ಹೇಳುವ ಸಾಕ್ಷಿ ಬೇಕು. ಪಹಣಿಗಿಂತ ನಂಬತಕ್ಕ ಸಾಕ್ಷಿ ಯಾವುದು?

ಗೌಡರು: ಪಹಣಿ ಸುಳ್ಳು ಹೇಳುವುದಿಲ್ಲವೆಂದು ಇಟ್ಟುಕೊಳ್ಳೋಣ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಈ ಭೂಮಿ ಯಾರದ್ದೆಂದು ಕೇಳಿ, ಹೇಳುತ್ತದೆ. ಇದನ್ನು ಗೇಯುವವನು ಯಾರೆಂದು ಕೇಳಿ, ಸುಮ್ಮನಿರುತ್ತದೆ.

ರಾಯರು: ಸುಮ್ಮನೇಕೆ ಇದ್ದೀತು? ಒಂಬತ್ತನೆಯ ಕಾಲಂನಲ್ಲಿ ಸ್ವಾಧೀನದಾರನ ಹೆಸರು, ಹನ್ನೆರಡು ಎರಡರಲ್ಲಿ ಸಾಗುವಳಿದಾರನ ಹೆಸರು. ಜಾಗ ಇದೆಯಲ್ಲ!

ಗೌಡರು: ಜಾಗವಿದೆ, ಹೆಸರಿಲ್ಲ. ಅಲ್ಲಿಯೂ ಒಡೆಯನ ಹೆಸರೇ ಇನ್ನೊಮ್ಮೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ತಂಗಿಯ ನೆರೆಮನೆಯ ಹೆಂಗಸೊಬ್ಬಳ ಮಾತು ಕೇಳಿ. ಅರಕಲಗೂಡಿನ ಆ ಕಡೆಯೆಲ್ಲ ಹೊಗೆಸೊಪ್ಪು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಏರಿಸಿ ಬೇಯಿಸಿ, ರಾಮನಾಥಪುರದ ಹರಾಜು ಕಟ್ಟೆಗೆ ಹೊರುವವರೆಗೆ ಮನೆಯವರಿಗೆ ನಿದ್ದೆಯಿಲ್ಲ. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿದರೆ ಕರ್ರಗೆ ಹೆಪ್ಪುಗಟ್ಟುತ್ತದೆ. ಸೋಪಿಗೆ ಹೋಗದು, ಹುಣಿಸೆಹಣ್ಣು ಹಾಕಿ ಉಜ್ಜಬೇಕು. ಆಕೆ ಇ-ಕೆವೈಸಿ ಮಾಡಿಸಲು ಹೋಗಿ ಆ ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಯಂತ್ರ ಒಪ್ಪಲಿಲ್ಲ. ತೋರುಬೆರಳು, ಒಪ್ಪಲಿಲ್ಲ. ಎಡಗೈಯ ಐದೂ ಆದವು. ಕುಳಿತಿದ್ದ ಹುಡುಗ ಒಳ್ಳೆಯವನು. ಬೆರಳಿಗೆ ಎಣ್ಣೆ ಹಚ್ಚಿ ಒರೆಸಿ ನೋಡಿದ, ಕೊನೆಗೆ ಸೊಪ್ಪಿನ ಕಾಲ ಮುಗಿದ ಮೇಲೆ ಬಾರಮ್ಮ ಎಂದು ಕಳುಹಿಸಿದ. ಬೇಸಾಯ ಮಾಡುವವಳೆಂಬುದಕ್ಕೆ ಆ ಕೈಗಿಂತ ಬೇರೆ ಪುರಾವೆ ಬೇಕೆ? ಆ ಪುರಾವೆಯೇ ಅಡ್ಡ ಬಂದಿತು.

ರಾಯರು: ಅದು ಯಂತ್ರದ ದೋಷ. ಮುಖ ನೋಡಿ ಒಪ್ಪುವ ವಿಧಾನವೂ ಈಗ ಬಂದಿದೆ.

ಗೌಡರು: ಬಂದಿತು, ಮುಖವನ್ನು ಒಪ್ಪಿತು. ಆಮೇಲೆ ನೋಡಿದರೆ ಪಹಣಿ ಇನ್ನೂ ಆಕೆಯ ಮಾವನ ಹೆಸರಿನಲ್ಲಿದೆ. ಮಾವ ಸತ್ತು ಬಹಳ ಕಾಲವಾಯಿತು, ಗಂಡನೂ ಹೋದ. ಭೂಮಿ ಉತ್ತವರು ಇಬ್ಬರೂ ಕಾಗದದ ಮೇಲೆ ಏನನ್ನೂ ಮಾಡದೆಯೇ ಕಣ್ಣುಮುಚ್ಚಿದರು.

ರಾಯರು: ಇದು ನಿಜವಾಗಿ ನಮ್ಮ ಜಿಲ್ಲೆಯ ವ್ಯಾಧಿ. ಪೌತಿ ಖಾತೆಯನ್ನು ಮಾಡಿಸದೆ ಮೂರು ತಲೆಮಾರು ದೂಡಿದ ಮನೆಗಳನ್ನು ನಾನು ಬಲ್ಲೆ. ವಂಶವೃಕ್ಷ ತರಬೇಕು, ವಂಶವೃಕ್ಷ ಬರೆದರೆ ಕೊಟ್ಟ ಹೆಣ್ಣುಮಕ್ಕಳ ಹೆಸರೂ ಬರಬೇಕು, ಹೆಣ್ಣುಮಕ್ಕಳ ಹೆಸರು ಬಂದರೆ ಪಾಲಿನ ಮಾತು ಎದ್ದೀತೆಂದು ಅಣ್ಣತಮ್ಮಂದಿರಿಗೆ ಭಯ, ಅಣ್ಣತಮ್ಮಂದಿರೊಳಗೇ ಪೋಡಿಯ ವ್ಯಾಜ್ಯ. ಆದುದರಿಂದ ಸತ್ತವನ ಹೆಸರಿನಲ್ಲಿಯೇ ಎಲ್ಲರೂ ನೆಮ್ಮದಿಯಾಗಿ ಬಾಳುತ್ತಾರೆ. ಸಹಾಯಧನ ಬರುವ ತನಕ ಸತ್ತವನಿಂದ ಯಾರಿಗೂ ತೊಂದರೆಯಿರಲಿಲ್ಲ. ಆಕೆಗೆ ಹೇಳಿ: ಕಿಸಾನ್ ಸಮ್ಮಾನದ ನಿಯಮದಂತೆ 2019ರ ಫೆಬ್ರವರಿ 1ಕ್ಕೆ ಪಹಣಿಯಲ್ಲಿ ಯಾರ ಹೆಸರಿತ್ತೋ ಅವರಿಗೇ ಹಕ್ಕು. ಆ ತಾರೀಖಿನ ಮೇಲೆ ಕೊಂಡವರಿಗೆ ಇಲ್ಲ. ವಾರಸಾಗಿ ಬಂದವರಿಗೆ ಮಾತ್ರ ವಿನಾಯಿತಿಯುಂಟು. ಈಗಲಾದರೂ ನಾಡಕಚೇರಿಗೆ ಅರ್ಜಿ ಕೊಡಲಿ.

ಗೌಡರು: ಹೇಳುತ್ತೇನೆ. ಆದರೆ ಆಕೆಗಾದರೂ ಒಂದು ದಾರಿಯಿದೆ. ಕಾಗದ ಸರಿಮಾಡಿಕೊಂಡರೆ ಆಯಿತು. ಯಾವ ಕಾಗದವನ್ನು ಸರಿಮಾಡಿಕೊಂಡರೂ ದಾರಿಯಿಲ್ಲದವನೊಬ್ಬ ಇದ್ದಾನೆ. ನನ್ನ ಹಳೇಕೋಟೆಯ ಹೊಲವನ್ನು ನಾನು ಗೇಯುವುದಿಲ್ಲ, ನಿಮಗೆ ಗೊತ್ತು. ಮಂಡಿನೋವು ಬಂದಂದಿನಿಂದ ವಾರಕ್ಕೆ ಬಿಟ್ಟಿದ್ದೇನೆ. ಬೀಜ, ಗೊಬ್ಬರ, ಉಳುಮೆ ಎಲ್ಲ ಅವನದು. ಬಂದ ಫಲದಲ್ಲಿ ನನಗೊಂದು ಪಾಲು. 2023ರಲ್ಲಿ ಮಳೆ ಕೈಕೊಟ್ಟಿತಲ್ಲ. ಮೊದಲು 195 ತಾಲ್ಲೂಕು, ಆಮೇಲೆ 223 ಬರಪೀಡಿತವೆಂದು ಸಾರಿದರಲ್ಲ. ಆ ವರ್ಷ ಅವನು ಹಾಕಿದ್ದ ಮುಸುಕಿನ ಜೋಳ ಎದೆಮಟ್ಟಕ್ಕೂ ಬರದೆ ಸುಟ್ಟುಹೋಯಿತು. ಬೆಳೆ ಸಮೀಕ್ಷೆಯವರು ಬಂದು ಒಣಗಿದ ದಂಟಿನ ಫೋಟೋ ಹಿಡಿದರು. ದಂಟು ಅವನು ಬೆಳೆದದ್ದು. ಫೋಟೋ ಸೇರಿದ್ದು ನನ್ನ ಸರ್ವೆ ನಂಬರಿಗೆ. ಮುಂದಿನ ವರ್ಷ ಮೊದಲು ಎರಡು ಸಾವಿರ, ರಾಜ್ಯದವರು ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ಕೇಂದ್ರದ ಹಣ ಬಂದಾಗ ಉಳಿದದ್ದು, ಎಲ್ಲ ಸೇರಿ ಹೆಕ್ಟೇರಿಗೆ 8,500ರಂತೆ ಎರಡೆಕರೆಗೆ ಏಳು ಸಾವಿರಕ್ಕೆ ಸ್ವಲ್ಪ ಕಡಿಮೆ, ಬಿದ್ದದ್ದು ನನ್ನ ಖಾತೆಗೆ.

ರಾಯರು: ಅವನಿಗೆ ಕೊಟ್ಟಿರಷ್ಟೆ?

ಗೌಡರು: ಅರ್ಧ ಕೊಟ್ಟೆ. ಫಲದಲ್ಲಿ ಪಾಲಿದ್ದ ಹಾಗೆ ನಷ್ಟದಲ್ಲಿಯೂ ಪಾಲಿತ್ತಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅವನು ಎಣಿಸಲಿಲ್ಲ, ಮಡಿಚಿ ಇಟ್ಟುಕೊಂಡ. ಕೊಡದಿದ್ದರೂ ಕೇಳುತ್ತಿರಲಿಲ್ಲ, ಕೇಳುವುದಕ್ಕೆ ಯಾವ ಆಧಾರವೂ ಅವನಲ್ಲಿರಲಿಲ್ಲ.

ರಾಯರು: ಒಂದು ವಾರದ ಪತ್ರವನ್ನಾದರೂ ಬರೆದುಕೊಡಬಹುದಿತ್ತು.

ಗೌಡರು: ಈ ಮಾತು ತಮ್ಮ ಬಾಯಿಂದ ಬರುವುದೆ? ಫಾರಂ ಏಳನ್ನು ತಮ್ಮ ಕೈಯಿಂದ ಸ್ವೀಕರಿಸಿದವರು ತಾವು!

ರಾಯರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ನಿಜ. ನಾನು ಸೇರಿದಾಗ ತಾಲ್ಲೂಕು ಕಚೇರಿಯಲ್ಲಿ ಬೇರೆ ಕೆಲಸವೇ ಇರಲಿಲ್ಲ. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ನೆಯ ತಾರೀಖು ಗೇಣಿಯ ಜಮೀನೆಲ್ಲ ಸರ್ಕಾರದ್ದಾಯಿತು. ಗೇಯುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ತನ್ನ ಗೇಯ್ಮೆಯನ್ನು ಸಾಬೀತು ಮಾಡಿದರೆ ಭೂಮಿ ಅವನದು. ಅರ್ಜಿಯ ಗಡುವು ಬೆಳೆದು ಬೆಳೆದು 1979ರ ಜೂನ್ 30ರ ತನಕ ಹೋಯಿತು. ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟವನು ಹೊರಗೆ ಹೋಗಿ ಮತ್ತೆ ಒಳಗೆ ಬಂದು, ನನ್ನ ಕಾಗದ ಇದೆಯಲ್ಲವೆ ಬುದ್ಧೀ ಎಂದು ಕೇಳುತ್ತಿದ್ದನು. ವಿಚಾರಣೆಯ ದಿವಸ ಒಡೆಯರ ಮುಖವನ್ನು ನೋಡಲಾರದೆ ಗೋಡೆಗೆ ತಿರುಗಿ ಸಾಕ್ಷಿ ನುಡಿದವರಿದ್ದರು. ನಮ್ಮ ಮನೆಯ ಗದ್ದೆಯೂ ಆ ಕಾಲದಲ್ಲಿಯೇ ಹೋಯಿತೆನ್ನಿ. ಅಮ್ಮನಿಗೆ ಸಾಯುವ ತನಕ ಅದರ ಕೊರಗಿತ್ತು. ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಷ್ಟು ದೊಡ್ಡ ಧರ್ಮಕಾರ್ಯವನ್ನು ನನ್ನ ನೌಕರಿಯಲ್ಲಿ ನಾನು ಮತ್ತೊಮ್ಮೆ ಕಾಣಲಿಲ್ಲ.

ಗೌಡರು: ಧರ್ಮಕಾರ್ಯವೇ, ಒಪ್ಪಿದೆ. ನಮ್ಮ ತಾತನಿಗೆ ಒಂದೆಕರೆ ಹಾಗೆಯೇ ಬಂದದ್ದು. ಆದರೆ ಆ ಕಾನೂನು ಅಂದಿನ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಮೇಲೆ ಇನ್ನು ಮುಂದೆ ಗೇಣಿಯೇ ಕೂಡದೆಂದು ಬಾಗಿಲು ಹಾಕಿತು. ಬಾಗಿಲು ಹಾಕಿದರೆ ಗೇಣಿ ನಿಂತೀತೆ? ಮಕ್ಕಳು ಬೆಂಗಳೂರು ಸೇರಿದರು, ಮುದುಕರ ಮಂಡಿ ಸವೆಯಿತು, ಭೂಮಿ ಬೀಳುಬಿಡಲಾರದೆ ಯಾರದೋ ಕೈಗೆ ಕೊಡಲೇಬೇಕಾಯಿತು. ಅಂದು ಗೇಣಿದಾರನು ಗುಟ್ಟಾಗಿರಲಿಲ್ಲ. ಅವನ ಹೆಸರು ಪಹಣಿಯಲ್ಲಿ ಇತ್ತು, ಆದ್ದರಿಂದಲೇ ಅವನು ಗೆದ್ದ. ಇಂದಿನವನ ಹೆಸರು ಎಲ್ಲಿಯೂ ಇಲ್ಲ. ಬರೆಯಿಸಿದರೆ ನಾಳೆ ಇನ್ನೊಂದು ಫಾರಂ ಬಂದೀತೆಂಬ ಭೀತಿ ನನ್ನಂಥವರ ಎದೆಯಲ್ಲಿ ಐವತ್ತು ವರ್ಷವಾದರೂ ಆರಿಲ್ಲ. ಉಳುವವನೇ ಹೊಲದೊಡೆಯನೆಂದು ಕೂಗಿದ ನಾಡಿನಲ್ಲಿಯೇ ಉಳುವವನು ಕಳ್ಳನಂತೆ ಉಳಬೇಕಾಗಿದೆ. ಈ ಸ್ಥಿತಿಯಲ್ಲಿ ಪಹಣಿಯನ್ನು ನೋಡಿ ಕೊಡುವ ಹಣವನ್ನು ಬೇಸಾಯಕ್ಕೆ ಕೊಟ್ಟದ್ದೆಂದು ಹೇಳುವುದು ಹೇಗೆ? ಅದು ಒಡೆತನಕ್ಕೆ ಸಂದದ್ದು.

ರಾಯರು: ಬೆಳೆ ವಿಮೆಯ ಕೈಪಿಡಿಯಲ್ಲಿ ಗೇಣಿದಾರರೂ ಪಾಲುದಾರರೂ ನೋಂದಾಯಿಸಬಹುದೆಂದು ಸ್ಪಷ್ಟವಾಗಿಯೇ ಇದೆ, ನಾನು ಓದಿದ್ದೇನೆ.

ಗೌಡರು: ಇದೆ, ಜೊತೆಗೆ ಗೇಣಿಯ ಆಧಾರಪತ್ರ ತರಬೇಕೆಂದೂ ಇದೆ. ಒಂದು ಕಾನೂನು ತಾ ಎನ್ನುವ ಪತ್ರವನ್ನು ಇನ್ನೊಂದು ಕಾನೂನು ಬರೆಯಲೇಕೂಡದೆನ್ನುತ್ತದೆ. ಆ ವಿಮೆಯ ಮಾತನ್ನು ಬಿಡಿ, ಸ್ವಾಮಿ. ಮುಂಗಾರಿನ ಬೆಳೆಗೆ ನೂರಕ್ಕೆ ಎರಡರಂತೆ ಕಂತು ಕಟ್ಟುವುದು ಒಬ್ಬೊಬ್ಬ ರೈತ. ನಷ್ಟವನ್ನು ಅಳೆಯುವುದು ಪಂಚಾಯಿತಿಗೆ ಅಥವಾ ಹೋಬಳಿಗೆ ಸೇರಿಸಿ. ಕೆರೆಯ ಈಚೆ ದಡದಲ್ಲಿ ಒಣಗಿ ಆಚೆ ದಡದಲ್ಲಿ ಬೆಳೆದರೆ ಸರಾಸರಿಯಲ್ಲಿ ಯಾರಿಗೂ ನಷ್ಟವಿಲ್ಲ.

ರಾಯರು: ಹಣವನ್ನು ಮನುಷ್ಯನಿಗೆ ಕೊಡುವುದರಲ್ಲಿ ಈ ತೊಡಕೆಲ್ಲ ಉಂಟೆಂದರೆ, ಬೆಳೆಗೇ ಕೊಡಲಿ. ಬೆಲೆಯನ್ನು ಹಿಡಿದು ನಿಲ್ಲಿಸಿದರೆ ಬೆಳೆದವನಿಗೆ ತಾನಾಗಿ ಸಂದೀತು. ನಿಮ್ಮ ಕೊಬ್ಬರಿಗೆ ಹಾಗೆಯೇ ಮಾಡಿದರಲ್ಲ?

ಗೌಡರು: ಕೊಬ್ಬರಿಯ ಕಥೆಯನ್ನು ಎತ್ತಿದಿರಿ, ಪೂರ್ತಿ ಕೇಳಿಯೇ ಏಳಬೇಕು. ಉಂಡೆ ಕೊಬ್ಬರಿಯೆಂದರೆ ಈ ಹೊತ್ತು ಕೆಡವಿ ನಾಳೆ ಮಾರುವ ಪದಾರ್ಥವಲ್ಲ. ಬಲಿತ ಕಾಯನ್ನು ಅಟ್ಟದ ಮೇಲೆ ಸುರಿದು, ಕೆಳಗಿನ ಒಲೆಯ ಹೊಗೆ ಆಡುವಂತೆ ಬಿಟ್ಟು, ಒಳಗಿನ ನೀರೆಲ್ಲ ಇಂಗಿ ಉಂಡೆ ಚಿಪ್ಪನ್ನು ಬಿಟ್ಟು ಅಲುಗಿಸಿದರೆ ಗಡಗಡ ಎನ್ನುವುದಕ್ಕೆ ಹತ್ತು ಹನ್ನೊಂದು ತಿಂಗಳು. ಆಮೇಲೆ ಸುಲಿದು, ಏಟು ಉಂಡೆಗೆ ತಾಗದಂತೆ ಚಿಪ್ಪನ್ನೊಡೆದು, ಇಡಿಯಾಗಿ ಬಿಡಿಸಿ ಆರಿಸಬೇಕು. ವರ್ಷದ ಹಿಂದಿನ ಬೆವರನ್ನು ಈ ವರ್ಷದ ಬೆಲೆಗೆ ಮಾರುವ ವ್ಯಾಪಾರ. ನಾನು ಅಟ್ಟಕ್ಕೆ ಕಾಯಿ ಏರಿಸಿದಾಗ ತಿಪಟೂರಿನ ಬೆಲೆ ಒಂದಾದರೆ, ಇಳಿಸುವಾಗ ಇನ್ನೊಂದು. 2023ರಲ್ಲಿ ಅದು ಕ್ವಿಂಟಲಿಗೆ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು; ಸರ್ಕಾರದ ಬೆಂಬಲ ಬೆಲೆ 11,750. ಮರು ವರ್ಷ ಅದನ್ನು 12,000 ಮಾಡಿದರು, ರಾಜ್ಯದವರು ಅದರ ಮೇಲೆ 1,500 ಪ್ರೋತ್ಸಾಹಧನ ಎಂದರು. ಒಟ್ಟು 13,500. ಪೇಟೆಗೂ ಸರ್ಕಾರಕ್ಕೂ ಐದು ಸಾವಿರದ ಅಂತರ! ಮನೆಯಲ್ಲಿ ದೀಪಾವಳಿ.

ರಾಯರು: ಹಾಗಾದರೆ ದುಃಖವೇಕೆ?

ಗೌಡರು: ಕೊಳ್ಳುವುದಕ್ಕೆ ಒಂದು ಮಿತಿಯಿಟ್ಟರು, ಇಡೀ ರಾಜ್ಯಕ್ಕೆ 62,500 ಟನ್. ಎಕರೆಗೆ ಇಷ್ಟು, ತಲೆಗೆ ಇಷ್ಟು. 2024ರ ಫೆಬ್ರವರಿಯಲ್ಲಿ ನೋಂದಣಿ ತೆರೆದರು. ಕೊರೆವ ಚಳಿಯಲ್ಲಿ ನಸುಕಿಗೆ ಮುಂಚೆಯೇ ಸಾಲು. ಚೀಲ, ಚಪ್ಪಲಿ, ಕಲ್ಲು ಇಟ್ಟು ಜಾಗ ಹಿಡಿದವರು, ಪಹಣಿ ಆಧಾರ್ ಪಾಸ್‌ಬುಕ್ಕಿನ ಜೆರಾಕ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡವರು. ಕೆಲವೇ ದಿವಸಗಳಲ್ಲಿ ಮಿತಿ ಮುಗಿಯಿತೆಂದು ಗಣಕಯಂತ್ರ ಬಾಗಿಲು ಹಾಕಿತು. ಸಾಲಿನಲ್ಲಿ ನಿಂತವರ ಹೆಸರು ಸೇರದೆ, ಸಾಲಿನಲ್ಲಿ ಕಾಣದವರ ಹೆಸರು ಸೇರಿದೆಯೆಂಬ ಗದ್ದಲ ಎದ್ದು, ನಮ್ಮ ಜಿಲ್ಲೆಯಲ್ಲಿಯೂ ತುಮಕೂರಿನಲ್ಲಿಯೂ ಬೀದಿಗಿಳಿದ ಮೇಲೆ ಸರ್ಕಾರ ಆ ನೋಂದಣಿಯನ್ನೇ ರದ್ದು ಮಾಡಿ ಮಾರ್ಚಿನಲ್ಲಿ ಹೊಸದಾಗಿ ತೆರೆಯಬೇಕಾಯಿತು. ಈ ನಡುವೆ ಮಗಳ ಮದುವೆಯೋ ಸೊಸೈಟಿಯ ಸಾಲವೋ ಕುತ್ತಿಗೆಗೆ ಬಂದಿದ್ದ ಇಪ್ಪತ್ತು ಮೂವತ್ತು ಮರದವನು ಎಂಟು ಸಾವಿರಕ್ಕೇ ಕೊಟ್ಟು ಕೈತೊಳೆದುಕೊಂಡಿದ್ದ. ಅವನ ಕೊಬ್ಬರಿ ಕೊಂಡ ವ್ಯಾಪಾರಿ, ಯಾರದೋ ಪಹಣಿಯನ್ನು ಹಿಡಿದು ಅದನ್ನೇ ಸರ್ಕಾರಕ್ಕೆ ತೂಗಿಸಿದನೆಂಬ ಮಾತು ಸಂತೆಯಲ್ಲೆಲ್ಲ ಇತ್ತು. ನಿಜವೋ ಸುಳ್ಳೋ ನಾನು ಕಾಣೆ. ಮಾಡಬಹುದಾದ ದಾರಿಯಂತೂ ತೆರೆದಿತ್ತು. ಏಕೆಂದರೆ ಅಲ್ಲಿಯೂ ಕೇಳಿದ್ದು ಪಹಣಿಯನ್ನೇ.

ರಾಯರು: ಕಾಯಲಾರದವನಿಗೆ ಬೆಂಬಲ ಬೆಲೆಯಿಲ್ಲವೆಂದಾಯಿತು.

ಗೌಡರು: ವಿನೋದವೇನೆಂದರೆ, 2025ರಲ್ಲಿ ತಿಪಟೂರಿನ ಪೇಟೆ ತಾನಾಗಿಯೇ ಇಪ್ಪತ್ತು ಸಾವಿರವನ್ನು ದಾಟಿ ಹೋಯಿತು. ಸರ್ಕಾರದ ಆ ವರ್ಷದ 12,100ನ್ನು ಕೇಳುವವರೇ ಇರಲಿಲ್ಲ. ಆದರೆ ಬರಕ್ಕೆ ಸಿಕ್ಕಿ, ಕಪ್ಪುತಲೆ ಹುಳುವಿಗೆ ಗರಿಗಳನ್ನೆಲ್ಲ ತಿನ್ನಿಸಿಕೊಂಡು ನಿಂತ ನನ್ನ ಮರಗಳಲ್ಲಿ ಕಾಯೇ ಇರಲಿಲ್ಲ. ಇಂಥ ಬೆಲೆಗೆ ಸಹಾಯಧನ ಬೇಡ, ಕಾಯಿ ಬೇಕು!

ರಾಯರು: ಆಲೂಗೆಡ್ಡೆಗೂ ಒಂದು ಕಾಲದಲ್ಲಿ ಬಿತ್ತನೆಬೀಜದ ಅರ್ಧ ಬೆಲೆಯನ್ನು ಸರ್ಕಾರ ಹೊತ್ತದ್ದುಂಟಲ್ಲ.

ಗೌಡರು: ಉಂಟು. ಜಲಂಧರದಿಂದ ಲಾರಿಯಲ್ಲಿ ಬಂದ ಗೆಡ್ಡೆ ಹಾಸನದ ಎಪಿಎಂಸಿ ಅಂಗಳದಲ್ಲಿ ಮೇ ತಿಂಗಳಲ್ಲಿ ರಾಶಿ ಬೀಳುತ್ತಿದ್ದಾಗ ಶಾಂತಿಗ್ರಾಮ, ದುದ್ದ, ಸಾಲಗಾಮೆಯ ಕಡೆಯವರು ಜಾತ್ರೆಗೆ ಬಂದಂತೆ ಬರುತ್ತಿದ್ದರು. ಸಹಾಯಧನದ ಚೀಟಿ ಕೈಗೆ ಬರುವ ವೇಳೆಗೆ ಅಂಗಮಾರಿ ಹೊಲಕ್ಕೆ ಬಂದಿರುತ್ತಿತ್ತು. ಈಗ ಅಲ್ಲೆಲ್ಲ ಜೋಳ, ಶುಂಠಿ. ಹೊಗೆಸೊಪ್ಪಿನವರ ಪಾಡು ಇನ್ನೊಂದು ಬಗೆ: ಅವರಿಗೆ ಸಹಾಯಧನದ ಗೋಜಿಲ್ಲ, ತಂಬಾಕು ಮಂಡಳಿಯ ಲೈಸೆನ್ಸಿನ ಮೇಲೆ ಎಲ್ಲ ನಿಂತಿದೆ. ಅದನ್ನು ಬಿಡೋಣ. ಸರ್ಕಾರದ ಹಣ ತಪ್ಪದೆ ಗೇಯುವವನ ಕೈಯನ್ನೇ ಸೇರುವುದನ್ನು ನೋಡಬೇಕೆಂದರೆ ನಾಳೆ ಬೆಳಿಗ್ಗೆ ನಮ್ಮೂರ ಡೇರಿಗೆ ಬನ್ನಿ.

ರಾಯರು: ಹಾಲಿನ ಪ್ರೋತ್ಸಾಹಧನವೆ?

ಗೌಡರು: ಅದೇ. 2008ರಲ್ಲಿ ಲೀಟರಿಗೆ ಎರಡು ರೂಪಾಯಿಯೆಂದು ಆರಂಭವಾಯಿತು, ಆಮೇಲೆ ನಾಲ್ಕಾಯಿತು, ಐದಾಯಿತು. ಡೇರಿಯಲ್ಲಿ ಯಾರೂ ಪಹಣಿ ಕೇಳುವುದಿಲ್ಲ. ಕ್ಯಾನು ಹಿಡಿದು ಬಂದವಳು ಹಾಲು ಸುರಿಯುತ್ತಾಳೆ. ಅಳೆಯುವವನು ಅಳೆಯುತ್ತಾನೆ, ಯಂತ್ರ ಫ್ಯಾಟು ಹೇಳುತ್ತದೆ, ಚೀಟಿ ಬರುತ್ತದೆ. ನನ್ನ ವಾರದವನ ಹೆಂಡತಿಗೆ ಒಂದು ಗುಂಟೆ ನೆಲವಿಲ್ಲ. ಎರಡು ಸೀಮೆಹಸು ಕಟ್ಟಿದ್ದಾಳೆ, ಹುಲ್ಲನ್ನು ನಾಲೆಯ ಏರಿಯಿಂದ ಕೊಯ್ದು ತರುತ್ತಾಳೆ. ಅವಳ ಹೆಸರಿನಲ್ಲಿಯೇ ಖಾತೆ, ಅವಳ ಹೆಸರಿಗೇ ಪ್ರೋತ್ಸಾಹಧನ. ಗಂಡನು ಎರಡೆಕರೆ ಉತ್ತು ಸರ್ಕಾರದ ಕಣ್ಣಿಗೆ ಬೀಳಲಿಲ್ಲ. ಹೆಂಡತಿ ಹಸುವಿನ ಕೆಚ್ಚಲ ಕೆಳಗೆ ಕುಳಿತು ಕಣ್ಣಿಗೆ ಬಿದ್ದಳು.

ರಾಯರು: ಅದೂ ಎಷ್ಟೋ ಬಾರಿ ತಿಂಗಳುಗಟ್ಟಲೆ ಬಾಕಿ ನಿಲ್ಲುತ್ತದೆಂದು ಕೇಳಿದ್ದೇನೆ.

ಗೌಡರು: ನಿಲ್ಲುತ್ತದೆ. ತಡವಾಗಿ ಬಂದರೂ ತಪ್ಪು ಮನೆಗೆ ಹೋಗುವುದಿಲ್ಲ. ಯೂರಿಯಾ ಚೀಲದ ಸಂಗತಿಯೂ ಹಾಗೆಯೇ. 45 ಕಿಲೋ ಚೀಲಕ್ಕೆ ನಾವು ಕೊಡುವುದು 266 ರೂಪಾಯಿ 50 ಪೈಸೆ, ಉಳಿದ ದೊಡ್ಡ ಮೊತ್ತವನ್ನು ಕೇಂದ್ರ ಕಾರ್ಖಾನೆಗೆ ತುಂಬಿಕೊಡುತ್ತದೆ. ಕೊಂಡವನು ಒಡೆಯನೋ ವಾರದವನೋ ಅಂಗಡಿಯವನಿಗೆ ಬೇಕಿಲ್ಲ. ಚೀಲ ಹೊತ್ತವನಿಗೆ ಅದರ ಲಾಭ. ಭೂಮಿಗೆ ಹೆಚ್ಚು ಸುರಿದು ಮಣ್ಣನ್ನು ಕೆಡಿಸಿದ್ದಾರೆಂಬುದು ಬೇರೆ ಮಾತು.

ರಾಯರು: ಗೌಡರೇ, ಹಾಲನ್ನು ಅಳೆಯಬಹುದು. ಗೇಯ್ಮೆಯನ್ನು ಯಾವ ಲೀಟರಿನಿಂದ ಅಳೆಯೋಣ? ನಿಮ್ಮ ವಾರದವನು ಉತ್ತದ್ದು ನಿಜವೆಂದು ಹಾಸನದ ಜಿಲ್ಲಾಧಿಕಾರಿಗಳು ತಿಳಿಯುವುದಾದರೂ ಹೇಗೆ? ಆಂಧ್ರದವರು ಇದನ್ನು ಮಾಡಿನೋಡಿದ್ದಾರೆ. 2011ರಲ್ಲಿ ಒಂದು ಕಾನೂನು ತಂದು ಗೇಣಿದಾರನಿಗೆ ವರ್ಷಕ್ಕೊಮ್ಮೆ ಸಾಲದ ಅರ್ಹತೆಯ ಚೀಟಿ ಕೊಟ್ಟರು. 2019ರಲ್ಲಿ ಅದನ್ನು ತೆಗೆದು, ಹನ್ನೊಂದು ತಿಂಗಳ ಸಾಗುವಳಿ ಹಕ್ಕಿನ ಕಾರ್ಡೆಂದು ಮಾಡಿದರು; ಒಡೆತನಕ್ಕೆ ಯಾವ ಬಾಧೆಯೂ ಇಲ್ಲವೆಂದು ಕಾನೂನಿನಲ್ಲಿಯೇ ಬರೆದರು. ಆದರೆ ಒಡೆಯನ ರುಜು ಬೇಕು. ಒಡೆಯರು ರುಜು ಹಾಕಲು ಹಿಂದೆಗೆದರು. ತೆಲಂಗಾಣದವರು 2018ರಲ್ಲಿ ರೈತಬಂಧು ಆರಂಭಿಸಿದಾಗ ಈ ಜಂಜಾಟವೇ ಬೇಡವೆಂದು ಎಕರೆಗೆ ಇಷ್ಟೆಂದು ಪಟ್ಟಾದಾರನಿಗೇ ಕೊಟ್ಟುಬಿಟ್ಟರು.

ಗೌಡರು: ಒಡಿಶಾದವರು ಅದೇ ಸುಮಾರಿಗೆ ಕಾಲಿಯಾ ಎಂದು ಮಾಡಿ ಪಾಲುಗಾರನಿಗೂ ಭೂಮಿಯಿಲ್ಲದವನಿಗೂ ಕೊಟ್ಟರಂತೆ.

ರಾಯರು: ಕೊಟ್ಟರು; ಪಟ್ಟಿ ಮಾಡುವಾಗ ಅವರಿಗೂ ಬೆವರಿಳಿಯಿತು. ನನ್ನ ಅಭಿಪ್ರಾಯ ಕೇಳುವಿರಾದರೆ ಹೇಳುತ್ತೇನೆ, ನಮ್ಮ ಇಲಾಖೆಯವರು ಕೇಳಿದರೆ ಹುಬ್ಬು ಗಂಟಿಕ್ಕಿಯಾರು. 1974ರ ಕಾನೂನಿನ ಆತ್ಮವನ್ನು ಉಳಿಸಬೇಕೆಂದರೆ ಅದರ ಐದನೆಯ ಕಲಮನ್ನು ಇಂದು ಸಡಿಲಿಸಬೇಕು. ಒಡೆತನ ಒಡೆಯನಲ್ಲಿಯೇ ಇರಲಿ, ಅದಕ್ಕೆ ಕುಂದು ಬಾರದೆಂದು ಕಾನೂನು ಪ್ರಮಾಣ ಮಾಡಲಿ. ಬೆಳೆಯ ನಷ್ಟ, ಬೆಳೆಯ ವಿಮೆ, ಬೆಳೆಯ ಬೆಂಬಲ, ಈ ಮೂರು ಮಾತ್ರ ಹನ್ನೆರಡು ಎರಡನೆಯ ಕಾಲಂನಲ್ಲಿರುವವನಿಗೆ ಹೋಗಲಿ. ಬೆಳೆ ಸಮೀಕ್ಷೆಗೆ ಬಂದವನು ದಂಟಿನ ಫೋಟೋ ಹಿಡಿಯುವಾಗ ಪಕ್ಕದಲ್ಲಿ ಗೇಯುವವನನ್ನೂ ನಿಲ್ಲಿಸಿಕೊಳ್ಳಲಿ. ಅಷ್ಟಾದರೆ ಪಹಣಿ ಎರಡನೆಯ ಪ್ರಶ್ನೆಗೂ ಉತ್ತರ ಹೇಳೀತು.

ಗೌಡರು: ಕಾನೂನು ಬರುವ ತನಕ?

ರಾಯರು: ಕಾನೂನು ಬರುವ ತನಕ ನೀವೇ ಆರಂಭಿಸಬಹುದು. ಈ ಮುಂಗಾರಿನ ಬೆಳೆ ಸಮೀಕ್ಷೆಗೆ ಹುಡುಗರು ಬಂದಾಗ ಅವನನ್ನು ಹೊಲದಲ್ಲಿ ನಿಲ್ಲಿಸಿ. ಏನನ್ನೂ ಬರೆಯಿಸಬೇಡಿ, ನಿಲ್ಲಿಸಿ, ಅಷ್ಟೆ.

ಗೌಡರು: ಅದು ಆಗದು, ಸ್ವಾಮಿ. ಮುಂದೆ ಪರಿಹಾರ ಬಂದರೆ ಪೂರ್ತಿ ಅವನಿಗೇ ಕೊಡುತ್ತೇನೆ, ಈ ಜಗುಲಿಯ ಮೇಲೆ ತಮ್ಮ ಎದುರಿಗೇ ಎಣಿಸಿ ಕೊಡುತ್ತೇನೆ. ಫೋಟೋದಲ್ಲಿ ನಿಲ್ಲಿಸುವುದಕ್ಕೆ ಮಾತ್ರ ಹೇಳಬೇಡಿ. ಬೆಂಗಳೂರಿನಲ್ಲಿರುವ ಮಗ ಒಪ್ಪುವುದಿಲ್ಲ.

ರಾಯರು: ಮಗನಿಗೆ 1974 ನೆನಪಿದೆಯೆ?

ಗೌಡರು: ಅವನು ಹುಟ್ಟಿದ್ದು 1986ರಲ್ಲಿ. ನಾನೇ ಹೇಳಿಕೊಟ್ಟದ್ದು.